ಹಗ್ಗದ ಕೆಳತುದಿ

ಗಂಡ ಸುಳ್ಳು ಹೇಳುತ್ತಿದ್ದಾನೆಂದು ಹೆಂಡತಿಗೆ ಗೊತ್ತಾಗಲು ನೂರೆಂಟು ದಾರಿಗಳಿವೆ. ಕೆಲವರು ಮುಖ ನೋಡಿ ಹಿಡಿಯುತ್ತಾರೆ, ಕೆಲವರು ಜೇಬು ತಡವಿ ಹಿಡಿಯುತ್ತಾರೆ. ಹಗ್ಗದಮ್ಮನಿಗೆ ಗೊತ್ತಾದದ್ದು ಹಗ್ಗದಿಂದ.

ಅವಳ ಗಂಡ ಮರ ಹತ್ತುವವನು. ಹಣ್ಣು ಕಾಯಿಗಾಗಿ ಹತ್ತುವವನಲ್ಲ. ಒಣಗಿದ ಕೊಂಬೆ, ಮಾಡಿನ ಮೇಲೆ ಒರಗಿದ ಕೊಂಬೆ, ಕರೆಂಟಿನ ತಂತಿ ಸವರುವ ಕೊಂಬೆ, ಇಂಥವನ್ನು ಮರಕ್ಕೂ ನೋವಾಗದ ಹಾಗೆ, ಮನೆಯವರಿಗೂ ನಷ್ಟವಾಗದ ಹಾಗೆ ಕುಯ್ದು ಇಳಿಸುವ ಕೆಲಸ ಅವನದು. ಬಲ್ಲವರೆಲ್ಲ ಅವನನ್ನು ಉಡ ಎಂದೇ ಕರೆಯುತ್ತಿದ್ದರು. ಹಿಡಿದರೆ ಬಿಡುವವನಲ್ಲ, ಅದು ಮರವಾದರೂ ಸರಿ, ಮಾತಾದರೂ ಸರಿ. ಅವನು ಮೇಲಿದ್ದಾಗ ಕೆಳಗೆ ನಿಂತು ಹಗ್ಗ ಹಿಡಿಯುವವಳಾದ್ದರಿಂದ ಅವಳು ಹಗ್ಗದಮ್ಮ. ಮದುವೆಯಾದ ಮೂರನೇ ತಿಂಗಳಲ್ಲಿ, ಹಗ್ಗ ಹಿಡಿಯುತ್ತಿದ್ದ ಆಳು ಹೇಳದೆ ಕೇಳದೆ ಕೈಕೊಟ್ಟಾಗ, "ಒಂದು ದಿನದ ಮಟ್ಟಿಗೆ ಬಾ" ಎಂದು ಕರೆದುಕೊಂಡು ಹೋಗಿದ್ದ. ಆ ಒಂದು ದಿನ ಶುರುವಾಗಿ ಈಗ ಮೂವತ್ತೊಂದು ವರ್ಷ, ಇನ್ನೂ ಸಂಜೆ ಆಗಿಲ್ಲ ಎಂದು ಅವಳು ಕಂಡವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಅವರ ಕೆಲಸದ ಕ್ರಮ ಹೀಗೆ. ಹಗ್ಗದ ಒಂದು ತುದಿ ಅವನ ಸೊಂಟದ ಬೆಲ್ಟಿಗೆ. ಅಲ್ಲಿಂದ ಅದು ಮೇಲೆ ಹೋಗಿ, ಒಂದು ಗಟ್ಟಿ ಕವಲನ್ನು ದಾಟಿ ಕೆಳಗಿಳಿದು, ಮರದ ಬುಡಕ್ಕೆ ಎರಡು ಸುತ್ತು ಹಾಕಿ ಅವಳ ಕೈಗೆ ಬರುತ್ತದೆ. ಅವನು ಜಾರಿದರೆ ತಡೆಯಬೇಕಾದ್ದು ಆ ಎರಡು ಸುತ್ತು ಮತ್ತು ಅವಳ ಎರಡು ಕೈ. ಮೇಲೆ ಗರಗಸದ ಗಲಾಟೆ, ಕೆಳಗೆ ರಸ್ತೆಯ ಗಲಾಟೆ, ಕೂಗಿದರೆ ಕೇಳುವುದಿಲ್ಲ; ಆದ್ದರಿಂದ ಮಾತೆಲ್ಲ ಹಗ್ಗದಲ್ಲೇ. ಒಂದು ಎಳೆತ ಎಂದರೆ ಸಡಿಲ ಬಿಡು. ಎರಡು ಎಂದರೆ ಬಿಗಿ ಹಿಡಿ. ಮೂರು ಎಂದರೆ ಇಳಿಯುತ್ತೇನೆ. ನಾಲ್ಕನೆಯದು ಕೆಲಸದ ಪಟ್ಟಿಯಲ್ಲಿ ಇಲ್ಲದ್ದು.

ಅದು ಹುಟ್ಟಿದ್ದು ಅವಳಿಗೆ ಮೂವತ್ತನಾಲ್ಕಾಗಿದ್ದಾಗ. ಆಗಿನ್ನೂ ಹೆಲ್ಮೆಟ್ ಬಂದಿರಲಿಲ್ಲ. ಪೋಸ್ಟಾಫೀಸಿನ ಮುಂದಿನ ಮರದ ತುದಿಯಿಂದ ಉಡ ಬೀದಿಗೆಲ್ಲ ಕೇಳುವಂತೆ, "ಏ, ನಿನ್ನ ಬೈತಲೆಯಲ್ಲಿ ಒಂದು ಬಿಳಿ ಕೂದಲು ಕಾಣ್ತಿದೆ ಕಣೇ!" ಎಂದು ಕೂಗಿದ್ದ. ಕ್ಯೂನಲ್ಲಿ ನಿಂತಿದ್ದವರೆಲ್ಲ ತಿರುಗಿ ಅವಳ ತಲೆ ನೋಡಿದ್ದರು. ಅವಳು ಮುಖ ಊದಿಸಿಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಹಗ್ಗ ನಾಲ್ಕು ಸಲ ಜಗ್ಗಿತು. ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ: ಕೋಪ ಹೋಯ್ತಾ? ಅವಳು ಊಟದ ಹೊತ್ತಿನವರೆಗೂ ಅವನನ್ನು ಕಾಯಿಸಿ ಆಮೇಲೆ ಒಮ್ಮೆ, ಉದ್ದಕ್ಕೆ, ಎಳೆದಳು. ಅಂದಿನಿಂದ ಅದೇ ರೂಢಿಯಾಯಿತು. ಮೇಲಿರುವವನು ಕೇಳಬೇಕು, ಕೆಳಗಿರುವವಳು ಮನಸ್ಸು ಬಂದಾಗ ಉತ್ತರ ಕೊಡಬೇಕು.

ಇಂಥ ಹಗ್ಗ ಈಚೆಗೆ ಆರು ತಿಂಗಳಿಂದ ಬೇರೆ ಏನೋ ಹೇಳತೊಡಗಿತ್ತು. ಮೊದಲೆಲ್ಲ ಅವನು ಒಂದು ಕೊಂಬೆಯಿಂದ ಇನ್ನೊಂದಕ್ಕೆ ದಾಟುವಾಗ ಅವನ ಭಾರ ಹಗ್ಗಕ್ಕೆ ಬಂದು ಎರಡು ಎಣಿಸುವುದರೊಳಗೆ ಹೋಗುತ್ತಿತ್ತು. ಈಗ ಹತ್ತು, ಕೆಲವೊಮ್ಮೆ ಹದಿನೈದು. ಅಷ್ಟು ಹೊತ್ತು ಒಬ್ಬ ಮನುಷ್ಯ ಸುಮ್ಮನೆ ನೇತಾಡುತ್ತಾನೆಂದರೆ ಅವನ ಕೈ ಮುಂದಕ್ಕೆ ಚಾಚಲು ಒಲ್ಲೆ ಎನ್ನುತ್ತಿದೆ ಎಂದೇ ಅರ್ಥ. ಇಳಿದ ಮೇಲೆ ಕೇಳಿದರೆ, "ಕೊಂಬೆ ನೋಡ್ತಾ ಇದ್ದೆ ಕಣೇ, ಚೆನ್ನಾಗಿತ್ತು" ಎನ್ನುತ್ತಿದ್ದ. ಮನೆಯಲ್ಲಿ ಮೇಲಿನ ಶೆಲ್ಫಿನ ಡಬ್ಬಿಯನ್ನು ಎಡಗೈಯಲ್ಲಿ ತೆಗೆಯುತ್ತಿದ್ದ. ಅಂಗಿಗೆ ಮೊದಲು ಬಲತೋಳು ತೂರಿಸುತ್ತಿದ್ದವನು ಈಗ ಗೋಡೆಗೆ ತಿರುಗಿ ನಿಂತು, ಬಲಗೈಯನ್ನು ಎಡಗೈಯಿಂದ ಎತ್ತಿ ತೋಳಿನೊಳಗೆ ಇಳಿಸುತ್ತಿದ್ದ. ಅವಳು ನೋಡಿಯೂ ನೋಡದವಳಂತಿದ್ದಳು. ಅವನ ಬಾಯಿಂದಲೇ ಬರಲಿ ಎಂದು ಕಾದಳು. ಉಡ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಇದಕ್ಕೆ ಪರಿಹಾರ ಇದ್ದೇ ಇತ್ತು. ಅದೇ ತೊಂದರೆ. ಒಬ್ಬಳೇ ಮಗಳು, ಇಪ್ಪತ್ತೆಂಟರವಳು, ಎರಡು ವರ್ಷದ ಹಿಂದೆ ಲಿಫ್ಟ್ ಗಾಡಿಯ ಕಂಪನಿಗೆ ಸೇರಿದ್ದಳು. ಲಾರಿಯ ಬೆನ್ನ ಮೇಲೆ ಮಡಚಿದ ಕಬ್ಬಿಣದ ತೋಳು, ತೋಳಿನ ತುದಿಗೆ ಇಬ್ಬರು ನಿಲ್ಲುವಷ್ಟು ಬುಟ್ಟಿ. ಗುಂಡಿ ಒತ್ತಿದರೆ ಬುಟ್ಟಿ ನಾಲ್ಕು ಅಂತಸ್ತಿನ ಎತ್ತರಕ್ಕೆ ಹೋಗುತ್ತದೆ. ಮಗಳು ಅದನ್ನು ನಡೆಸುವ ಪರೀಕ್ಷೆ ಪಾಸಾಗಿ ಬಂದ ದಿನದಿಂದ ಅಪ್ಪ ಎಂಟು ದಿನ ಅವಳೊಂದಿಗೆ ಮಾತು ಬಿಟ್ಟ. ಒಂಬತ್ತನೆಯ ದಿನ ಬಿಟ್ಟ ಮಾತನ್ನೆಲ್ಲ ಬಡ್ಡಿ ಸಮೇತ ಆಡಿದ. ಅಂದಿನಿಂದ ಊಟಕ್ಕೆ ಕೂತರೆ ಅದೇ ಜಗಳ.

"ಮರದ ಮೈ ಮುಟ್ಟದೆ ಮರದ ಕೆಲಸ ಎಂಥದ್ದೇ?" ಎಂದು ಅಪ್ಪ ಶುರುಮಾಡುತ್ತಿದ್ದ. "ಡಾಕ್ಟರು ಬೀದಿಯಲ್ಲಿ ನಿಂತ್ಕೊಂಡು ನಾಡಿ ನೋಡ್ತಾನಾ? ಕಾಲಿಟ್ಟಾಗ ಮರ ಹೇಳುತ್ತೆ, ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ."

"ಅದು ಹೇಳೋ ಹೊತ್ತಿಗೆ ನೀನು ಕೆಳಗೆ ಬಂದಿರ್ತೀಯ ಅಪ್ಪ, ಹಗ್ಗ ಇಲ್ದೇನೆ," ಎಂದು ಮಗಳು. "ಒಣಗಿದ ಮರ ನಿನ್ನ ಭಾರ ಹೊರಲ್ಲ. ನೀನು ಕುಯ್ಯೋಕೆ ಹೋಗೋ ಕೊಂಬೆಯನ್ನೇ ನಂಬ್ಕೊಂಡು ನಿಂತಿರ್ತೀಯ."

"ನಿನ್ನ ಗಾಡಿ ಗೇಟು ದಾಟಲ್ಲ. ನೆಲ ಮೆತ್ತಗಿದ್ರೆ ನಿಲ್ಲಲ್ಲ. ಮರದ ಹೊಟ್ಟೆಯೊಳಗೆ ನುಗ್ಗಲ್ಲ. ಹೊರಗಡೆಯಿಂದ ಕ್ಷೌರ ಮಾಡುತ್ತೆ, ಅಷ್ಟೇ."

"ನಿನಗೆ ಕೊಂಬೆ ತುದಿಗೆ ಹೋಗಕ್ಕಾಗುತ್ತಾ? ನನಗಾಗುತ್ತೆ."

ಇಬ್ಬರೂ ಹೇಳುವುದು ಸರಿಯೇ. ಅದಕ್ಕೇ ಜಗಳ ಎರಡು ವರ್ಷ ಬಾಳಿತು. ಒಬ್ಬರದ್ದು ತಪ್ಪಾಗಿದ್ದರೆ ಎರಡು ದಿನದಲ್ಲಿ ಮುಗಿಯುತ್ತಿತ್ತು. ಹಗ್ಗದಮ್ಮ ನಡುವೆ ಕೂತು ಇಬ್ಬರ ತಟ್ಟೆಗೂ ಬಡಿಸುತ್ತಿದ್ದಳು. ಅವಳ ಭಯ ಬೇರೆ. ಗಂಡ ಮರದಿಂದ ಬೀಳುತ್ತಾನೆ ಎನ್ನುವುದು ಒಂದು ಭಯ. ಅವನು ಮರ ಹತ್ತುವುದನ್ನು ಬಿಟ್ಟರೆ ಈ ಹಗ್ಗವೂ ಹೋಗುತ್ತದೆ ಎನ್ನುವುದು ಇನ್ನೊಂದು. ಮನೆಯೊಳಗೆ ಅವರಿಬ್ಬರ ನಡುವೆ ನಲ್ಲಿ ಸೋರುತ್ತಿದೆ, ಉಪ್ಪು ಮುಗಿದಿದೆ ಎನ್ನುವುದಕ್ಕಿಂತ ದೊಡ್ಡ ಮಾತು ನಡೆದದ್ದಿಲ್ಲ. ಪ್ರೀತಿಯ ಮಾತು, ಜಗಳದ ಮಾತು, ರಾಜಿಯ ಮಾತು ಎಲ್ಲ ಹಗ್ಗದಲ್ಲೇ ಓಡಾಡಿದ್ದವು. ಅದಿಲ್ಲದೆ ತಾನು ಈ ಮನುಷ್ಯನ ಜೊತೆ ಹೇಗೆ ಮಾತಾಡುವುದು ಎಂಬುದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೂ ಎರಡು ಭಯಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮೊದಲನೆಯದೇ ದೊಡ್ಡದು.

ಹಾಗಿರುವಾಗ ಲೈಬ್ರರಿಯಿಂದ ಫೋನು ಬಂತು. ಲೈಬ್ರರಿಯ ಮುಂದಿನ ಅಂಗಳದಲ್ಲಿ ಭಾರೀ ಮಳೆಮರವೊಂದಿದೆ. ಅದರ ಕೆಳಗಿನ ಬೆಂಚುಗಳಲ್ಲಿ ಜನ ಕೂತು ಓದುತ್ತಾರೆ, ಓದುವ ನೆಪದಲ್ಲಿ ನಿದ್ದೆ ಮಾಡುತ್ತಾರೆ. ಹಿಂದಿನ ವಾರ ಗಾಳಿಯೂ ಇಲ್ಲದ ಹೊತ್ತಿನಲ್ಲಿ ಒಂದು ಕೊಂಬೆ ಬಿದ್ದು ಬೆಂಚು ಎರಡು ತುಂಡಾಗಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಮೂಡಣ ದಿಕ್ಕಿನ ಐದು ಕೊಂಬೆಗಳು ಒಣಗಿವೆ, ತೆಗೆಸಬೇಕು ಎಂದರು ಲೈಬ್ರರಿ ಮೇಡಂ.

ಮರುದಿನ ಬೆಳಿಗ್ಗೆ ತರಕಾರಿ ತರುತ್ತೇನೆಂದು ಚೀಲ ಹಿಡಿದು ಹೊರಟ ಹಗ್ಗದಮ್ಮ ನೇರ ಲೈಬ್ರರಿಗೆ ಹೋದಳು. "ಮೇಡಂ, ಲಿಫ್ಟ್ ಗಾಡಿ ಇಲ್ದೆ ಕೆಲಸ ಕೊಡಲ್ಲ ಅಂತ ನೀವೇ ಹೇಳ್ಬೇಕು. ಇಲ್ಲಿಯ ನಿಯಮ ಅಂತ ಹೇಳಿ. ಲಿಫ್ಟಿನಲ್ಲಾದ್ರೆ ಅಪಾಯ ಇಲ್ಲ. ನಾನು ಹೇಳ್ದೆ ಅಂತ ಮಾತ್ರ ಗೊತ್ತಾಗ್ಬಾರದು," ಎಂದಳು. ಮೇಡಂ ಮೂವತ್ತು ಸಾವಿರ ಪುಸ್ತಕಗಳ ಮಧ್ಯೆ ಕೂರುವ ಸಾತ್ವಿಕ ಹೆಂಗಸು, ಒಂದು ಸುಳ್ಳೂ ಹೇಳಿ ರೂಢಿಯಿಲ್ಲ. ಆದರೂ ಹಗ್ಗದಮ್ಮನ ಮುಖ ನೋಡಿ ಒಪ್ಪಿಕೊಂಡರು. ಹಾಗೆ ಈ ಕೆಲಸಕ್ಕೆ ಮಗಳ ಗಾಡಿ ನಿಗದಿಯಾಯಿತು. ಮೂವತ್ತೊಂದು ವರ್ಷದಲ್ಲಿ ಅವಳು ಗಂಡನ ಬೆನ್ನ ಹಿಂದೆ ಮಾಡಿದ ಮೊದಲ ಕೆಲಸ ಅದು, ಬರುವಾಗ ತರಕಾರಿ ತರುವುದನ್ನೂ ಮರೆತಿದ್ದಳು.

ಕೆಲಸದ ದಿನ ಉಡ ಮುಖ ಗಂಟಿಕ್ಕಿಕೊಂಡೇ ಬಂದ. ಮಗಳು ಗಾಡಿಯನ್ನು ಅಂಗಳಕ್ಕೆ ಹಿಂದಕ್ಕೆ ತಂದು, ನಾಲ್ಕು ಕಡೆ ದಪ್ಪ ಹಲಗೆ ಹಾಕಿ, ಅದರ ಮೇಲೆ ಗಾಡಿಯ ಕಬ್ಬಿಣದ ಕಾಲುಗಳನ್ನು ಇಳಿಸಿ ನಿಲ್ಲಿಸಿದಳು. ಅವನು ಅದರ ಕಡೆ ನೋಡಲೇ ಇಲ್ಲ. ತನ್ನ ಮರದ ಸುತ್ತಿಗೆಯಿಂದ ಬುಡವನ್ನು ಸುತ್ತ ಬಡಿಯುತ್ತ ಕಿವಿಯಿಟ್ಟ. ಪಡುವಣ ಕಡೆ ಗಟ್ಟಿ ಸದ್ದು. ಮೂಡಣ ಕಡೆ, ಆಳೆತ್ತರದಲ್ಲಿ, ಖಾಲಿ ಡ್ರಮ್ಮು ಬಡಿದ ಹಾಗೆ ಕೇಳಿತು. ಅವನು ಅಲ್ಲೇ ಮತ್ತೆರಡು ಸಲ ಬಡಿದ, ಮಗಳ ಕಡೆ ನೋಡಿದ, ಸುತ್ತಿಗೆಯನ್ನು ಚೀಲಕ್ಕೆ ಹಾಕಿದ. ಆ ಕಡೆಗೆ ಹತ್ತುವಂತಿಲ್ಲ ಎನ್ನುವುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಗಿತ್ತು. ಹಾಗೆಂದು ಒಪ್ಪಿಕೊಳ್ಳುವುದಕ್ಕೆ ಅವನೇನು ಬೇರೆಯವನೇ?

"ಹತ್ತಿಸು ನಿನ್ನ ತೊಟ್ಟಿಲಿಗೆ," ಎಂದ. "ಜೋಗುಳಾನೂ ಹಾಡ್ತೀಯಾ ಹೇಗೆ?"

"ಅಮ್ಮ ಹಾಡ್ತಾಳೆ," ಎಂದು ಮಗಳು ಅವನ ಬೆಲ್ಟಿನ ತುಂಡುಹಗ್ಗದ ಕೊಂಡಿಯನ್ನು ಬುಟ್ಟಿಯೊಳಗಿನ ಕಬ್ಬಿಣದ ಬಳೆಗೆ ಸಿಕ್ಕಿಸಿದಳು. "ಇದು ಇಲ್ಲೇ ಇರ್ಬೇಕಪ್ಪ. ಏನೇ ಆಗ್ಲಿ, ಇಲ್ಲೇ."

"ಗೊತ್ತು ಬಿಡೇ. ನಾನು ಬೆಲ್ಟು ಕಟ್ಟೋಕೆ ಶುರುಮಾಡಿದಾಗ ನೀನು ಹುಟ್ಟೇ ಇರ್ಲಿಲ್ಲ."

ಆಮೇಲೆ ಮಗಳು ಅಮ್ಮನನ್ನು ಗಾಡಿಯ ಪಕ್ಕಕ್ಕೆ ಕರೆದು ಅಂಗೈಯಗಲದ ಕೆಂಪು ಗುಂಡಿಯೊಂದನ್ನು ತೋರಿಸಿದಳು. "ಏನಾದ್ರೂ ಎಡವಟ್ಟು ಕಂಡ್ರೆ ಇದನ್ನ ಗುದ್ದಮ್ಮ. ಎಲ್ಲ ನಿಂತ್ಹೋಗುತ್ತೆ. ಇವತ್ತು ನಿನ್ನ ಕೆಲಸ ಇದೊಂದೇ."

ಹಗ್ಗದಮ್ಮನಿಗೆ ಚುರುಕ್ ಎಂದಿತು. ಮೂವತ್ತೊಂದು ವರ್ಷ ಒಂದು ಜೀವವನ್ನು ಕೈಯಲ್ಲಿ ಹಿಡಿದವಳಿಗೆ ಈಗ ಒಂದು ಗುಂಡಿ.

ಬುಟ್ಟಿ ಮೇಲೆ ಹೋಯಿತು. ಮೊದಲ ಎರಡು ಕೊಂಬೆಗಳು ಬೆಂಚುಗಳ ಮೇಲಿನವು. ಬೆಂಚುಗಳನ್ನು ಸರಿಸಿ ಜಾಗ ಖಾಲಿ ಮಾಡಿದ್ದರು. ತುದಿಯಿಂದ ಮೊಳದುದ್ದ ಮೊಳದುದ್ದ ಕುಯ್ದು ಕೆಳಗೆ ಬಿಟ್ಟರಾಯಿತು, ಹಗ್ಗ ಬೇಕಿಲ್ಲ. ಉಳಿದ ಮೂರು ಲೈಬ್ರರಿ ಬಾಗಿಲಿನ ಗಾಜಿನ ಮಾಡಿನ ಮೇಲೆ ಚಾಚಿದ್ದವು. ಅವನ್ನು ಆಮೇಲೆ ಹಗ್ಗಕ್ಕೆ ಕಟ್ಟಿ ಇಳಿಸುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಹಗ್ಗ ಚೀಲದಲ್ಲೇ ಸುತ್ತಿಕೊಂಡು ಬಿದ್ದಿತ್ತು. ಹಗ್ಗದಮ್ಮ ಖಾಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಸೊಂಟದ ಮೇಲಿಟ್ಟಳು, ಒಮ್ಮೆ ಕಟ್ಟಿಕೊಂಡಳು, ಕೊನೆಗೆ ಒಂದು ಕೈಯಿಂದ ಇನ್ನೊಂದನ್ನು ಹಿಡಿದು ನಿಂತಳು.

ಮೇಲೆ ಕೆಲಸ ಸೊಗಸಾಗಿ ನಡೆಯಿತು. ಅವಳಿಗೂ ಒಪ್ಪಿಕೊಳ್ಳಬೇಕೆನಿಸಿತು. ಅವನು ಯಾವತ್ತೂ ಕಾಲಿಡಲಾಗದಿದ್ದ ಕೊಂಬೆಯ ತುದಿಗೆ ಮಗಳು ಅವನನ್ನು ಒಯ್ದು ನಿಲ್ಲಿಸುತ್ತಿದ್ದಳು. ಅವನು ಗರಗಸವನ್ನು ಎದೆಯ ಮಟ್ಟದಲ್ಲೇ ಹಿಡಿದು, ಭುಜ ಎತ್ತುವ ಗೋಜಿಲ್ಲದೆ ಕುಯ್ಯುತ್ತಿದ್ದ. ಮೊದಲ ಕೊಂಬೆ ಹನ್ನೆರಡು ತುಂಡಾಗಿ ನೆಲಕ್ಕೆ ಬಂತು. ಮಗಳು ಏನೋ ಹೇಳಿದಳು, ಅಪ್ಪ ನಕ್ಕ. ನಿಜವಾಗಿ ನಕ್ಕ. ಕೆಳಗಿನಿಂದಲೂ ಹಲ್ಲು ಕಾಣಿಸಿತು. ಹಗ್ಗದಮ್ಮನಿಗೆ ಸಂತೋಷವೂ ಆಯಿತು, ಒಂದು ಚೂರು ಹೊಟ್ಟೆಕಿಚ್ಚೂ ಆಯಿತು.

ಎರಡನೆಯ ಕೊಂಬೆಯ ಬುಡ ಮರದ ಒಳಗಡೆ ಇತ್ತು. ಬುಟ್ಟಿ ಅಷ್ಟು ಒಳಗೆ ಹೋಗದು. ಅವನು ಬುಟ್ಟಿಯ ಅಂಚಿಗೆ ಹೊಟ್ಟೆ ಒತ್ತಿ ಬಾಗಿ ಕುಯ್ದ. ಕೊನೆಯ ತುಂಡು ಧಪ್ಪೆಂದು ಬಿತ್ತು. ಅವನು ಗರಗಸ ಆರಿಸಿ ತೂಗುಹಾಕಿ, ಮುಂದಿನ ಕೊಂಬೆಯ ಕಡೆ ಕೈ ತೋರಿಸಿ ಮಗಳಿಗೆ ಸನ್ನೆ ಮಾಡಿದ. ಮಗಳು ತಲೆಯೆತ್ತಿ, ಕಬ್ಬಿಣದ ತೋಳು ಮೇಲೆಲ್ಲೂ ತಗಲುವುದಿಲ್ಲ ತಾನೇ ಎಂದು ನೋಡುತ್ತ ಹಿಡಿಕೆ ದೂಡಿದಳು.

ಬೇರೆ ಯಾರಾದರೂ ಕೆಳಗೆ ನಿಂತಿದ್ದರೆ ಮನುಷ್ಯರನ್ನು ನೋಡುತ್ತಿದ್ದರು. ಹಗ್ಗದಮ್ಮ ಮೊದಲು ನೋಡುವುದು ಹಗ್ಗವನ್ನು, ಆಮೇಲೆ ಗಂಡನನ್ನು. ಅವನ ಬೆಲ್ಟಿನಿಂದ ಹೊರಟ ತುಂಡುಹಗ್ಗ ಕೆಳಗೆ ಬುಟ್ಟಿಯೊಳಕ್ಕೆ ಹೋಗಿರಲಿಲ್ಲ. ಅದು ಬುಟ್ಟಿಯ ಅಂಚು ದಾಟಿ ಹೊರಗೆ ಹೋಗಿ, ತೊಡೆಗಾತ್ರದ ಹಸಿ ಕೊಂಬೆಯೊಂದನ್ನು ಬಳಸಿ, ವಾಪಸು ಅವನ ಬೆಲ್ಟಿಗೆ ಬಂದಿತ್ತು.

ಬಾಗುವ ಮೊದಲು ಅವನ ಕೈ ಕೊಂಡಿ ಬಿಚ್ಚಿತ್ತು, ಮರಕ್ಕೆ ಕಟ್ಟಿತ್ತು. ಅವನಿಗೆ ತಿಳಿಯದೆಯೇ. ಮರದಲ್ಲಿ ಬಾಗಬೇಕಾದಾಗಲೆಲ್ಲ ಮರಕ್ಕೆ ಕಟ್ಟಿಕೊಂಡೇ ಬದುಕಿ ಬಂದ ಕೈ ಅದು. ನಿಂತ ಮರದಲ್ಲಿ ಅದೇ ಸರಿ. ಆದರೆ ಕಾಲಕೆಳಗಿನ ನೆಲವೇ ಚಲಿಸುವಾಗ, ಮನುಷ್ಯ ಮರಕ್ಕೆ ಕಟ್ಟಿಕೊಂಡಿದ್ದರೆ, ನೆಲ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ.

ಕೂಗಿದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಇಬ್ಬರ ಕಿವಿಗೂ ಹೆಲ್ಮೆಟ್ಟಿನ ಮುಚ್ಚಳವಿತ್ತು, ಗಾಡಿಯ ಇಂಜಿನ್ನು ಗುಡುಗುತ್ತಿತ್ತು. ಹಗ್ಗ ಬಿಗಿಯಾದದ್ದು, ಅವನ ಸೊಂಟ ಬುಟ್ಟಿಯ ಅಂಚಿಗೆ ಒತ್ತಿ ಕಾಲು ಮೇಲೆದ್ದದ್ದು ಕಂಡಿತು. ನಾಲ್ಕೇ ಹೆಜ್ಜೆಗೆ ಗಾಡಿ ತಲುಪಿ ಕೆಂಪು ಗುಂಡಿಯನ್ನು ಮುಷ್ಟಿಯಿಂದ ಗುದ್ದಿದಳು.

ಎಲ್ಲ ನಿಂತಿತು. ಇಂಜಿನ್ನಿನ ಸದ್ದೂ ನಿಂತಿತು. ಮೇಲೆ ಮಗಳು ತಿರುಗಿ ಅಪ್ಪನನ್ನು ನೋಡಿದಳು, ಹಗ್ಗ ನೋಡಿದಳು, ಎರಡೂ ಕೈಯಿಂದ ಅವನ ಬೆಲ್ಟು ಹಿಡಿದುಕೊಂಡಳು. ಅವನು ಒದ್ದಾಡಲಿಲ್ಲ. ಮಗಳ ಸನ್ನೆಯಂತೆ ಅಮ್ಮ ಕೆಂಪು ಗುಂಡಿಯನ್ನು ತಿರುಗಿಸಿ ಬಿಡಿಸಿದಳು; ಮತ್ತೆ ಇಂಜಿನ್ನು ಎದ್ದು, ಹಗ್ಗ ಸಡಿಲವಾಗುವಷ್ಟು, ಬುಟ್ಟಿ ಒಂದು ಗೇಣು ಹಿಂದೆ ಬಂತು. ಅವನು ಎಡಗೈಯಿಂದ ತಾನೇ ಕೊಂಡಿ ಬಿಚ್ಚಿ ಬಳೆಗೆ ಸಿಕ್ಕಿಸಿದ. ಇಬ್ಬರೂ ಇಳಿದು ಬಂದರು.

ಉಡ ಸರಿಸಿಟ್ಟಿದ್ದ ಬೆಂಚಿನ ಮೇಲೆ ಕೂತ. ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬಲಗೈ ಅವನ ಮಡಿಲಲ್ಲಿ ಬೇರೆಯವರ ಕೈಯಂತೆ ಬಿದ್ದಿತ್ತು.

"ನಾನು ನೋಡ್ಬೇಕಿತ್ತು," ಎಂದಳು ಮಗಳು. ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. "ಪ್ರತಿ ಸಲ ಹಿಡಿಕೆ ಮುಟ್ಟೋ ಮುಂಚೆ ಕೊಂಡಿ ನೋಡ್ಬೇಕು ಅಂತ ನಂಗೆ ಕಲಿಸಿದ್ದಾರೆ. ನಾನು ನೋಡ್ಲಿಲ್ಲ."

"ತಪ್ಪು ನನ್ನದು ಕಣೇ," ಎಂದ ಅವನು. "ಹೋಗು ಅಂದೋನೂ ನಾನೇ, ಕಟ್ಕೊಂಡೋನೂ ನಾನೇ. ನೀನು ಅಳ್ಬೇಡ."

ಅಷ್ಟರಲ್ಲಿ ಲೈಬ್ರರಿ ಮೇಡಂ ಒಂದು ಚೊಂಬು ನೀರು ಹಿಡಿದು ಓಡಿ ಬಂದರು. ಬಂದವರು ಹಗ್ಗದಮ್ಮನ ಮುಂದೆ ನಿಂತು, "ಅಯ್ಯೋ, ಲಿಫ್ಟಿನಲ್ಲಾದ್ರೆ ಅಪಾಯ ಇಲ್ಲ ಅಂತ ನೀವೇ ಬಂದು ಹೇಳಿದ್ರಲ್ಲಮ್ಮ! ನಿಮ್ಮ ಮಾತು ಕೇಳೇ ತಾನೇ ನಾನು ನಿಯಮ ಅಂತ ಹೇಳಿದ್ದು!" ಎಂದುಬಿಟ್ಟರು. ಹೇಳಿದ ಮೇಲೆ ಬಾಯಿಗೆ ಕೈ ಹೋಯಿತು. ಸುಳ್ಳು ರೂಢಿಯಿಲ್ಲದವರನ್ನು ನಂಬಿಕೊಂಡರೆ ಹೀಗೇ ಆಗುವುದು. ಅವರು ಚೊಂಬನ್ನು ಬೆಂಚಿನ ಮೇಲಿಟ್ಟು ಮಗಳನ್ನು ಕರೆದುಕೊಂಡು ಒಳಗೆ ಹೋದರು.

ಗಂಡ ಹೆಂಡಿರಿಬ್ಬರೇ ಉಳಿದರು. ನಡುವೆ ಹಗ್ಗವಿಲ್ಲ.

"ನನ್ನ ಕೇಳ್ಬಹುದಿತ್ತಲ್ಲ," ಎಂದ ಅವನು, ನೆಲ ನೋಡುತ್ತ.

"ಕೇಳಿದ್ರೆ ಒಪ್ತಿದ್ರಾ?"

"ಇಲ್ಲ."

"ಮತ್ತೆ?"

ಅವನು ಚೊಂಬೆತ್ತಲು ಬಲಗೈ ಚಾಚಿದ, ಅದು ಅರ್ಧದಲ್ಲೇ ನಿಂತಿತು, ಎಡಗೈಗೆ ಬದಲಾಯಿಸಿದ. ಅವಳು ನೋಡಿದ್ದನ್ನು ಅವನೂ ನೋಡಿದ.

"ಎಷ್ಟು ದಿನದಿಂದ ಗೊತ್ತು?"

"ಆರು ತಿಂಗಳಿಂದ ರೀ. ಹಗ್ಗ ಹೇಳ್ತಾ ಇತ್ತು. ನೀವು ಹೇಳ್ತೀರಾ ಅಂತ ಕಾದೆ." ಅವಳಿಗೆ ಕೋಪ ಬಂತು. "ನೀವು ಮೇಲೆ ನೇತಾಡ್ತಾ ಇದ್ರೆ ನಾನು ಕೆಳಗೆ ಎಣಿಸ್ತಾ ಇರ್ತೀನಿ. ಎಂಟು, ಒಂಬತ್ತು, ಹತ್ತು. ಹದಿನೈದರ ಮೇಲೆ ಒಂದು ದಿನ ಈ ಮನುಷ್ಯ ಕೈ ಬಿಟ್ಟರೆ ನನ್ನ ಕೈಲಿ ಹಿಡಿಯೋಕಾಗುತ್ತಾ? ನನಗೂ ಐವತ್ತಮೂರಾಯ್ತು. ನನ್ನ ಕೈ ಬಿಟ್ಟು ನೀವು ಬಿದ್ರೆ ನಾನು ಈ ಕೈನ ಏನು ಮಾಡ್ಲಿ?"

ಇಷ್ಟುದ್ದ ಅವಳು ಅವನೊಂದಿಗೆ ಯಾವತ್ತೂ ಮಾತಾಡಿರಲಿಲ್ಲ. ಅವನು ನೀರು ಕುಡಿದು ಚೊಂಬನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳದಿದ್ದಾಗ ತಾನೇ ಕೆಳಗಿಟ್ಟ. ಕೋಪ ಇದೆಯೋ ಇಲ್ಲವೋ ಆ ಮುಖದಲ್ಲಿ ತಿಳಿಯುವಂತಿರಲಿಲ್ಲ. ಆ ಮುಖವನ್ನು ಇಷ್ಟು ಹತ್ತಿರದಿಂದ ಓದಿ ಅವಳಿಗೆ ಅಭ್ಯಾಸವೂ ಇರಲಿಲ್ಲ.

ಮೇಡಂ ಮತ್ತು ಮಗಳು ಹೊರಗೆ ಬಂದಾಗ ಉಳಿದ ಮೂರು ಕೊಂಬೆಗಳ ಮಾತೆದ್ದಿತು. ಮಗಳು ಕಂಪನಿಯಿಂದ ಕುಯ್ಯುವವರನ್ನು ಕರೆಸಿದರೆ ಇನ್ನು ನಾಲ್ಕು ದಿನವಾಗುತ್ತದೆ. ನಾಳೆ ಬೆಳಿಗ್ಗೆ ಅದೇ ಬಾಗಿಲಿನಿಂದ ಮಕ್ಕಳು ಓದಿನ ತರಗತಿಗೆ ಬರುತ್ತಾರೆ ಎಂದು ಮೇಡಂ ಮೇಲೆ ನೋಡಿದರು.

"ಇವಳು ಹೋಗ್ಲಿ," ಎಂದ ಉಡ.

ಯಾರು ಎಂದು ಎಲ್ಲರೂ ನೋಡಿದರು. ಅವನ ಗಲ್ಲ ಹಗ್ಗದಮ್ಮನ ಕಡೆ ತಿರುಗಿತ್ತು.

"ನಾನಾ? ಸ್ಟೂಲಿಗಿಂತ ಮೇಲೆ ಹತ್ತಿದೋಳಲ್ಲ ನಾನು!"

"ಕೆಳಗೆ ಬಿದ್ದ ಕೊಂಬೆಯನ್ನೆಲ್ಲ ಇಷ್ಟು ವರ್ಷ ತುಂಡು ಮಾಡಿದೋಳು ಯಾರು? ಗರಗಸ ನಿನ್ನ ಕೈಲಿ ನನಗಿಂತ ನೆಟ್ಟಗೆ ಓಡುತ್ತೆ. ಇನ್ನು ಎಲ್ಲಿ ಕುಯ್ಯಬೇಕು ಅನ್ನೋದು..." ಅವನು ಮಗಳ ಕಡೆ ತಿರುಗಿದ. "ಮೂವತ್ತೊಂದು ವರ್ಷ ಕೆಳಗೆ ನಿಂತ್ಕೊಂಡು 'ರೀ ಇನ್ನೂ ಎಡಕ್ಕೆ, ರೀ ಅಷ್ಟು ಹತ್ತಿರ ಬೇಡ' ಅಂತ ನನ್ನ ಪ್ರಾಣ ತಿಂದಿದ್ದಾಳೆ. ಈಗ ಹೋಗಿ ಕುಯ್ದು ತೋರಿಸ್ಲಿ."

ಅದು ಗೇಲಿಯೋ, ಸೇಡೋ, ಅವಳಿಗೆ ತಿಳಿಯಲಿಲ್ಲ. ಆದರೆ ಅವನೇ ಎದ್ದು ತನ್ನ ಬೆಲ್ಟು ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದ. ಎಡಗೈಯಲ್ಲಿ, ನಿಧಾನವಾಗಿ, ಒಂದೊಂದು ಪಟ್ಟಿಯನ್ನೂ ಎರಡೆರಡು ಸಲ ಎಳೆದು ನೋಡಿ. ಚೀಲದಿಂದ ಹಗ್ಗ ತೆಗೆದ. ಗಟ್ಟಿ ಸದ್ದು ಬಂದ ಪಡುವಣ ಕಡೆಯ ಕವಲು ತೋರಿಸಿ, ರಾಟೆಯನ್ನು ಅಲ್ಲೇ ಕಟ್ಟಬೇಕೆಂದ. ಕೊಂಬೆ ಕಟ್ಟುವ ತುದಿ ಅವಳಿಗೆ ಕೊಟ್ಟು, ಇನ್ನೊಂದು ತುದಿಯನ್ನು ಬುಡಕ್ಕೆ ಎರಡು ಸುತ್ತು ಹಾಕಿ ತಾನು ಹಿಡಿದು ನಿಂತ. ಭುಜ ಎತ್ತಬೇಕಿಲ್ಲದ ಕೆಲಸ, ಸೊಂಟದ ಮಟ್ಟದಲ್ಲೇ ನಡೆಯುವಂಥದ್ದು.

"ಕೊಂಡಿ ಎಲ್ಲಿ?" ಎಂದು ಕೇಳಿದ, ಬುಟ್ಟಿ ಏಳುವ ಮೊದಲು.

ಅವಳು ಬುಟ್ಟಿಯ ಬಳೆಗೆ ಸಿಕ್ಕಿಸಿದ ಕೊಂಡಿಯನ್ನು ಅಲ್ಲಾಡಿಸಿ ತೋರಿಸಿದಳು. ಮಗಳು ಬಗ್ಗಿ ತಾನೂ ಒಮ್ಮೆ ಅಲ್ಲಾಡಿಸಿ ನೋಡಿದಳು.

ನೆಲ ಇಳಿದು ಹೋಯಿತು. ರಾಟೆ ಕಟ್ಟಲು ಮಗಳು ಬುಟ್ಟಿಯನ್ನು ಕೊಂಬೆಗಳ ಸಂದಿಯಲ್ಲಿ ಕವಲಿನ ಹತ್ತಿರಕ್ಕೆ ಒಯ್ಯುವವರೆಗೆ ಹಗ್ಗದಮ್ಮ ಕಣ್ಣು ಮುಚ್ಚಿದ್ದಳು. ತೆರೆದಾಗ ಅವಳು ಮೊದಲು ಹುಡುಕಿದ್ದು ಗಂಡ ಇಷ್ಟು ವರ್ಷ ಸಂಜೆ ಸಂಜೆ ಇಳಿದು ಬಂದು ಹೇಳುತ್ತಿದ್ದುದನ್ನೆಲ್ಲ. "ದೂರದಲ್ಲಿ ರೈಲು ಹೋಗುತ್ತಿತ್ತು, ಮಹಡಿಯ ಮೇಲೆ ಯಾರೋ ಪಾರಿವಾಳ ಹಾರಿಸುತ್ತಿದ್ದರು, ನಮ್ಮನೆ ಮಾಡು ಕಂಡಿತು ಕಣೇ, ನೀನು ಒಣಗಿಸಿದ ಬೆಡ್‌ಶೀಟೂ ಕಂಡಿತು." ಇಲ್ಲಿ ರೈಲಿಲ್ಲ, ಮನೆಯಿಲ್ಲ. ಯಾವ ಕಡೆ ತಿರುಗಿದರೂ ಎಲೆ, ಎಲೆಯ ಹಿಂದೆ ಇನ್ನಷ್ಟು ಎಲೆ. ಮರದ ಒಳಗೆ ನಿಂತರೆ ಊರು ಕಾಣುವುದಿಲ್ಲ ಎನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.

ಕಾಣುತ್ತಿದ್ದದ್ದು ಕೆಳಗೆ ಮಾತ್ರ. ಮರದ ಹೊಟ್ಟೆಯೊಳಗೆ ಎಲೆಗಳಿಲ್ಲ. ಕೊಂಬೆಗಳ ನಡುವೆ ಕಣ್ಣು ನೇರ ಇಳಿದು ಹೋಗಿ ಬುಡದ ಹತ್ತಿರದ ಒಂದು ಚಾಪೆಯಗಲ ನೆಲವನ್ನು ತಲುಪುತ್ತಿತ್ತು. ಹಗ್ಗ ಹಿಡಿಯುವವರು ನಿಲ್ಲುವ ಜಾಗ. ಮೂವತ್ತೊಂದು ವರ್ಷ ಅವಳು ನಿಂತ ಜಾಗ. ಅವನಿಗೆ ಮೇಲಿನಿಂದ ಕಂಡಿದ್ದೆಲ್ಲ ಇಷ್ಟೇ. ರೈಲು, ಪಾರಿವಾಳ, ಬೆಡ್‌ಶೀಟು ಎಲ್ಲ ಕಟ್ಟುಕಥೆ. ಬಿಳಿ ಕೂದಲೊಂದು ನಿಜ.

ಈಗ ಆ ಚಾಪೆಯಗಲದಲ್ಲಿ ನಿಂತಿದ್ದವನು ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ಅರ್ಧ ತೆರೆದು, ಕಣ್ಣು ಮಿಟುಕಿಸದೆ ಮೇಲೆ ನೋಡುತ್ತಿದ್ದ.

ರಾಟೆ ಕಟ್ಟಿಯಾದ ಮೇಲೆ, ಮೂರನೆಯ ಕೊಂಬೆಗೆ ಹಗ್ಗ ಕಟ್ಟುವ ಮೊದಲು ಅವಳು ಅದನ್ನು ನಾಲ್ಕು ಸಲ ಎಳೆದಳು.

ಕೆಳಗಿನಿಂದ ಉತ್ತರ ಬರಲಿಲ್ಲ. ಅವಳು ಕಟ್ಟಿ ಕುಯ್ದಳು. ಕೊಂಬೆ ಹಗ್ಗಕ್ಕೆ ಜೋತುಬಿದ್ದು, ಗಾಜಿನ ಮಾಡನ್ನು ಒಂದು ಮೊಳ ಬಿಟ್ಟು, ನಯವಾಗಿ ಇಳಿದು ಹೋಯಿತು. ಹಗ್ಗ ವಾಪಸು ಬಂತು. ಖಾಲಿ. ನಾಲ್ಕನೆಯ ಕೊಂಬೆಯೂ ಇಳಿಯಿತು. ಆಗಲೂ ಉತ್ತರ ಇಲ್ಲ. ಮಗಳು, "ಏನಮ್ಮ, ಯಾಕೆ ನಿಲ್ಲಿಸ್ದೆ?" ಎಂದು ಕೇಳಿದಳು. "ಏನಿಲ್ಲ ಸುಮ್ನಿರು" ಎಂದಳು ಅವಳು. ಐದನೆಯದು ದೊಡ್ಡದು. ಅದರ ಭಾರ ಹಗ್ಗಕ್ಕೆ ಬಿದ್ದಾಗ ಅವಳು ಬುಟ್ಟಿಯ ಅಂಚು ಹಿಡಿದುಕೊಂಡಳು. ಕೆಳಗಿನ ಕೈಗಳು ಅದನ್ನು ತಡೆದವು, ಬಿಡುತ್ತ ಬಿಡುತ್ತ ನೆಲಕ್ಕೆ ಮಲಗಿಸಿದವು. ಹಗ್ಗ ಮತ್ತೆ ಮೇಲೆ ಬಂದು ಅವಳ ಕೈ ಸೇರಿತು. ಇನ್ನು ಕಟ್ಟಲು ಕೊಂಬೆ ಉಳಿದಿರಲಿಲ್ಲ. ಅವಳು ಸುಮ್ಮನೆ ಅದನ್ನು ಹಿಡಿದು ನಿಂತಳು.

ಆಗ ಬಂತು. ಒಂದೇ ಎಳೆತ, ಉದ್ದಕ್ಕೆ.

ಅವಳು ಬಗ್ಗಿ ನೋಡಿದಳು. ಮುದುಕ ಹಗ್ಗವನ್ನು ಬಲಗೈಯಲ್ಲಿ ಹಿಡಿದು, ಎಡಗೈಯಿಂದ ತನ್ನ ಕತ್ತಿನ ಹಿಂಭಾಗ ತಿಕ್ಕಿಕೊಳ್ಳುತ್ತಿದ್ದ. ಮೂವತ್ತೊಂದು ವರ್ಷ ದಿನವೂ ಸಂಜೆ ಅವಳು ತಿಕ್ಕಿಕೊಂಡ ಜಾಗ ಅದು. ಇಂಜಿನ್ನು ನಿಂತಿತ್ತು, ಆದ್ದರಿಂದ ಅವನು ಕೂಗಿದ್ದು ಮೇಡಮ್ಮಿಗೂ, ಮಗಳಿಗೂ, ಬೀದಿಗೂ ಕೇಳಿಸಿತು.

"ಏ, ದಿನಾ ಹೀಗೇ ನೋಯ್ತಿತ್ತೇನೇ ನಿನಗೆ?"